ಬಂದರಿನ ಕಾವಲು ಯಾರ ಕೈಯಲ್ಲಿರಬೇಕು? 2006ರ ದುಬೈ ಗಲಾಟೆ ಮತ್ತು ಆಮೇಲಿನ ಕತೆ

ಪಿ ಅಂಡ್ ಓ ಅಂದ್ರೆ ಬ್ರಿಟನ್ನಿನ ಹಳೇ ಹಡಗು ಕಂಪನಿ. 1837ರಿಂದ ನಡೆದುಬಂದದ್ದು. 2006ರಲ್ಲಿ ಅದನ್ನು ದುಬೈ ಸರ್ಕಾರದ ಒಡೆತನದ ಡಿಪಿ ವರ್ಲ್ಡ್ ಸುಮಾರು 680 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕಂಪನಿಯ ಜೊತೆಗೇ ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬಾಲ್ಟಿಮೋರ್, ಮಯಾಮಿ, ನ್ಯೂ ಆರ್ಲಿಯನ್ಸ್ ಬಂದರುಗಳಲ್ಲಿ ಅದು ನಡೆಸುತ್ತಿದ್ದ, ಹಡಗಿನ ಸರಕು ಇಳಿಸಿ ಹತ್ತಿಸುವ ಟರ್ಮಿನಲ್‌ಗಳೂ ದುಬೈ ಪಾಲಾಗಲಿದ್ದವು. ಅಮೆರಿಕದಲ್ಲಿ ಗಲಾಟೆ ಎದ್ದದ್ದು ಇದೇ ಕಾರಣಕ್ಕೆ.

ಅಲ್ಲಿಯವರೆಗೂ ಆ ಟರ್ಮಿನಲ್‌ಗಳು ವಿದೇಶಿಯರ ಕೈಯಲ್ಲೇ ಇದ್ದವು, ಅಲ್ವಾ? ಆದರೆ ಬ್ರಿಟನ್ ಬಗ್ಗೆ ಯಾರೂ ತಕರಾರು ಎತ್ತಿರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಇಬ್ಬರು ಯುಎಇ, ಅಂದರೆ ದುಬೈ ಸೇರಿರುವ ದೇಶದ ಪ್ರಜೆಗಳು. ಆ ಗಾಯ ಇನ್ನೂ ಹಸಿಯಾಗಿತ್ತು. ಜನರಿಗೆ ಭಯವಾದದ್ದು ಸಹಜ. ಅದನ್ನು ಬರೀ ದ್ವೇಷ ಎಂದು ತಳ್ಳಿಹಾಕುವುದು ಸರಿಯಲ್ಲ.

ಸರ್ಕಾರ ನಡೆದುಕೊಂಡ ರೀತಿಯೂ ಭಯವನ್ನು ಹೆಚ್ಚಿಸಿತು. ಇಂಥ ಖರೀದಿಗಳನ್ನು ಪರಿಶೀಲಿಸಲು 1975ರಲ್ಲಿ ಅಧ್ಯಕ್ಷ ಫೋರ್ಡ್ ಒಂದು ಸಮಿತಿ ಮಾಡಿದ್ದರು. ಹಲವು ಇಲಾಖೆಗಳ ಅಧಿಕಾರಿಗಳು ಕೂರುವ ಸಮಿತಿ. ಕೆಲಸವೆಲ್ಲ ಮುಚ್ಚಿದ ಬಾಗಿಲ ಹಿಂದೆ. ಅದು 30 ದಿನಗಳ ಪರಿಶೀಲನೆಯಲ್ಲೇ ಖರೀದಿಗೆ ಒಪ್ಪಿಗೆ ಕೊಟ್ಟುಬಿಟ್ಟಿತು. ಕೊಳ್ಳುವುದು ವಿದೇಶಿ ಸರ್ಕಾರವಾಗಿದ್ದು, ದೇಶದ ಭದ್ರತೆಗೆ ಧಕ್ಕೆ ಆಗಬಹುದಾದರೆ ಇನ್ನೂ 45 ದಿನ ತನಿಖೆ ಆಗಬೇಕು ಎಂದು 1992ರ ಕಾನೂನು ತಿದ್ದುಪಡಿ ಹೇಳುತ್ತಿತ್ತು. ಅಪಾಯ ಕಾಣದಿದ್ದ ಮೇಲೆ ತನಿಖೆ ಯಾಕೆ ಎಂಬುದು ಸಮಿತಿಯ ವಾದ. ಅಧ್ಯಕ್ಷ ಬುಷ್‌ಗೆ ವಿಷಯ ತಿಳಿದದ್ದೇ ಒಪ್ಪಿಗೆ ಕೊಟ್ಟಾದ ಮೇಲೆ. ಅಮೆರಿಕದ ಕರಾವಳಿ ಕಾವಲು ಪಡೆಯಾದ ಕೋಸ್ಟ್ ಗಾರ್ಡ್ ಮೊದಲಿಗೆ ತನ್ನ ಬಳಿ ಸಾಕಷ್ಟು ಗುಪ್ತಚರ ಮಾಹಿತಿ ಇಲ್ಲ ಎಂದು ಬರೆದಿದ್ದ ಕಾಗದವೂ ಹೊರಬಿತ್ತು. ಆ ಅನುಮಾನ ಆಮೇಲೆ ಬಗೆಹರಿಯಿತು ಎಂದು ಕೋಸ್ಟ್ ಗಾರ್ಡ್ ಹೇಳಿತು. ಆದರೆ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ವಿದೇಶಿ ಸರ್ಕಾರಗಳ ಕಂಪನಿಗಳಿಗೆ ಬಂದರು ನಡೆಸಲು ಬಿಡಬಾರದು ಎಂದು ಸೆನೆಟರ್‌ಗಳಾದ ಹಿಲರಿ ಕ್ಲಿಂಟನ್ ಮತ್ತು ಮೆನೆಂಡೆಜ್ ಮಸೂದೆ ತಂದರು. ಖರೀದಿಗೆ ಅಡ್ಡ ಬರುವ ಕಾನೂನಿಗೆ ವೀಟೋ ಹಾಕುತ್ತೇನೆ ಎಂದು ಬುಷ್ ಎಚ್ಚರಿಸಿದರು. ಅಧಿಕಾರಕ್ಕೆ ಬಂದ ಮೇಲೆ ಅವರು ಅಲ್ಲಿಯವರೆಗೆ ಒಂದೂ ವೀಟೋ ಹಾಕಿರಲಿಲ್ಲ. ಮಾರ್ಚ್ 8ರಂದು, ಅವರದೇ ಪಕ್ಷಕ್ಕೆ ಬಹುಮತವಿದ್ದ ಕೆಳಮನೆಯ ಹಣಕಾಸು ಹಂಚಿಕೆ ಸಮಿತಿ 62-2 ಮತಗಳಿಂದ ಖರೀದಿಯನ್ನು ತಡೆಯಲು ತೀರ್ಮಾನಿಸಿತು. ಮರುದಿನವೇ ಡಿಪಿ ವರ್ಲ್ಡ್ ಅಮೆರಿಕದ ಟರ್ಮಿನಲ್‌ಗಳನ್ನು ಬಿಟ್ಟುಕೊಡುತ್ತೇವೆ ಎಂದಿತು.

ಹಾಗಾದರೆ ಟರ್ಮಿನಲ್ ಕಂಪನಿಯ ಕೈಯಲ್ಲಿ ಇರುವುದಾದರೂ ಏನು? ಹಡಗುಕಟ್ಟೆಗೆ ಹಡಗು ಬಂದರೆ ಕ್ರೇನಿನಿಂದ ಕಂಟೇನರ್ ಇಳಿಸುವುದು, ಯಾರ್ಡಿನಲ್ಲಿ ಒಂದರ ಮೇಲೊಂದು ಪೇರಿಸುವುದು, ಲಾರಿಗೆ ಹತ್ತಿಸಿ ಗೇಟು ದಾಟಿಸುವುದು ಕಂಪನಿಯ ಕೆಲಸ. ಆ ಕ್ರೇನ್ ನಡೆಸುವವರು ಅಮೆರಿಕದ ಯೂನಿಯನ್ ಕಾರ್ಮಿಕರೇ. ಯಾವ ಕಂಟೇನರ್ ತೆರೆಯಬೇಕು ಎಂದು ಹೇಳುವುದು ಕಸ್ಟಮ್ಸ್. ಬಂದರಿನ ಒಟ್ಟು ಭದ್ರತೆ ಕೋಸ್ಟ್ ಗಾರ್ಡಿನದು. ಭದ್ರತೆ ದುಬೈಗೆ ಹೋಗುವುದಿಲ್ಲ ಎಂದು ಸರ್ಕಾರ ಹೇಳಿದ್ದು ಇದನ್ನೇ ನಂಬಿಕೊಂಡು.

ಆದರೆ ಅದು ಅರ್ಧ ಸತ್ಯ. 2002ರ ಕಡಲ ಸಾರಿಗೆ ಭದ್ರತಾ ಕಾಯ್ದೆಯ ಪ್ರಕಾರ ಪ್ರತಿ ಟರ್ಮಿನಲ್ಲಿನ ಭದ್ರತಾ ಯೋಜನೆ ಬರೆಯುವುದು ಕಂಪನಿಯೇ. ಕೋಸ್ಟ್ ಗಾರ್ಡ್ ಅದನ್ನು ನೋಡಿ ಒಪ್ಪಿಗೆ ಕೊಡುತ್ತದೆ. ಬೇಲಿ, ಕ್ಯಾಮೆರಾ, ಗೇಟಿನ ಕಾವಲು, ಭದ್ರತಾ ಅಧಿಕಾರಿ ಎಲ್ಲವೂ ಕಂಪನಿಯ ಹೊಣೆ. ಯಾವ ಕಂಟೇನರ್ ಎಲ್ಲಿದೆ, ಯಾವಾಗ ಹೊರಡುತ್ತದೆ ಎಂಬುದೂ ಅದಕ್ಕೆ ಗೊತ್ತು. ಗೆರೆ ಎಳೆಯಬೇಕಾದದ್ದು ಇಲ್ಲೇ ಎಂದು ನನಗೆ ಅನಿಸುತ್ತದೆ. ಕ್ರೇನಿನ ಲಾಭ ಯಾರಿಗೆ ಬೇಕಾದರೂ ಹೋಗಲಿ, ಕಾವಲಿನ ಯೋಜನೆ ಮಾತ್ರ ಆ ದೇಶಕ್ಕೆ ಉತ್ತರ ಕೊಡಬೇಕಾದವರ ಕೈಯಲ್ಲೇ ಇರಲಿ.

ನಮ್ಮಲ್ಲಿ ಈ ಗೆರೆ ಸ್ವಲ್ಪ ಸ್ಪಷ್ಟವಾಗಿದೆ. ಅದೇ ಖರೀದಿಯಲ್ಲಿ ಮುಂಬೈ ಹತ್ತಿರದ ನ್ಹಾವಾ ಶೇವಾದಲ್ಲಿ ಪಿ ಅಂಡ್ ಓ ನಡೆಸುತ್ತಿದ್ದ ಟರ್ಮಿನಲ್ ಕೂಡ ಡಿಪಿ ವರ್ಲ್ಡ್‌ಗೆ ಬಂತು. ಆದರೆ ಆ ಬಂದರಿನ ಕಾವಲು ಕೇಂದ್ರ ಸರ್ಕಾರದ ಕೈಗಾರಿಕಾ ಭದ್ರತಾ ಪಡೆ ಸಿಐಎಸ್ಎಫ್‌ನದು. ನಮ್ಮ ನವಮಂಗಳೂರು ಬಂದರಿನಲ್ಲೂ ಅಷ್ಟೇ. ಕಂಟೇನರ್ ಟರ್ಮಿನಲ್ ಖಾಸಗಿ ಕಂಪನಿಯದು, ಬಂದರಿನ ಕಾವಲಿಗೆ ಸಿಐಎಸ್ಎಫ್.

ಅಮೆರಿಕದಲ್ಲಿ ಗಲಾಟೆಯ ಫಲವಾಗಿ 2007ರಲ್ಲಿ ಹೊಸ ಕಾನೂನು ಬಂತು. ವಿದೇಶಿ ಸರ್ಕಾರಗಳ ಖರೀದಿಗೆ ತನಿಖೆ ಬಿಗಿಯಾಯಿತು, ಸಂಸತ್ತಿಗೆ ವರದಿ ಕೊಡಬೇಕಾಯಿತು. ಒಳ್ಳೆಯದೇ. ಆದರೆ ವಿದೇಶಿ ಸರ್ಕಾರಿ ಕಂಪನಿಗಳನ್ನು ಬಂದರಿನಿಂದ ದೂರ ಇಡುವ ಆ ಮಸೂದೆ ಕಾನೂನಾಗಲೇ ಇಲ್ಲ.

ಡಿಪಿ ವರ್ಲ್ಡ್ ಬಿಟ್ಟುಕೊಟ್ಟ ಟರ್ಮಿನಲ್‌ಗಳನ್ನು ಅಮೆರಿಕದ ಎಐಜಿ ಸಮೂಹ ಕೊಂಡಿತು. ಆ ವ್ಯವಹಾರವೇ ಮುಂದೆ ಪೋರ್ಟ್ಸ್ ಅಮೆರಿಕ ಎಂಬ ಕಂಪನಿಯ ಭಾಗವಾಯಿತು. 2021ರಲ್ಲಿ ಅದರ ಪೂರ್ತಿ ಒಡೆತನ ಪಡೆಯಲು ಮುಂದಾದದ್ದು ಕೆನಡಾದ ಪಿಂಚಣಿ ನಿಧಿ. ಅದೂ ವಿದೇಶಿಯೇ. ಆಗ 2006ರಂಥ ಗದ್ದಲ ಏಳಲಿಲ್ಲ.

ಇನ್ನು ಕಂಟೇನರ್‌ಗಳ ವಿಷಯ. ಅಮೆರಿಕಕ್ಕೆ ಬರುವ ಪ್ರತಿಯೊಂದನ್ನೂ ಹೊರಡುವ ಬಂದರಿನಲ್ಲೇ ಸ್ಕ್ಯಾನ್ ಮಾಡಬೇಕು, 2012ರೊಳಗೆ ಇದು ಆಗಬೇಕು ಎಂದು 2007ರ ಇನ್ನೊಂದು ಕಾನೂನು ಹೇಳಿತ್ತು. 2012ರಲ್ಲಿ ಆ ಗಡುವನ್ನು ಎರಡು ವರ್ಷ ಮುಂದೂಡಿದರು. 2014ರಲ್ಲಿ ಮತ್ತೆ ಮುಂದೂಡಿದರು.