ನಾಲ್ಕು ಮಕ್ಕಳು, ನಾಲ್ಕು ಊರು: ಬರೆದವರ ತಪ್ಪಾ?

ಪ್ರಶ್ನೆ: 1861ರ ಸ್ಕಾಟ್‌ಲೆಂಡ್ ಜನಗಣತಿಯಲ್ಲಿ ಅಬರ್ಡೀನ್‌ಶೈರ್‌ನ ಒಬ್ಬ ಹೊಲದಾಳಿನ ಕುಟುಂಬ ಸಿಕ್ಕಿತು. ನಾಲ್ಕು ಮಕ್ಕಳು ನಾಲ್ಕು ಬೇರೆ ಊರಲ್ಲಿ ಹುಟ್ಟಿದ್ದಾರೆ. ಬರೆದವರು ತಪ್ಪು ಮಾಡಿದರಾ?

ತಪ್ಪಿರಲಿಕ್ಕಿಲ್ಲ. ನಾಲ್ಕೂ ಮಕ್ಕಳು ಒಂದೇ ಊರಲ್ಲಿ ಹುಟ್ಟಿದ್ದರೆ ನಾನು ಇನ್ನೊಮ್ಮೆ ನೋಡುತ್ತಿದ್ದೆ.

ಆ ಕಡೆ ಆಳುಗಳನ್ನು ಗೊತ್ತು ಮಾಡುತ್ತಿದ್ದದ್ದು ಸಂತೆಯಲ್ಲಿ. ಫೀಯಿಂಗ್ ಮಾರ್ಕೆಟ್ ಅಂತ ಅದರ ಹೆಸರು. ಟರಿಫ್ ಪೇಟೆಯಲ್ಲೂ ಅಂಥದ್ದೊಂದು ನಡೆಯುತ್ತಿತ್ತು. ಆಳುಗಳು ಬಂದು ನಿಲ್ಲುತ್ತಿದ್ದರು, ರೈತರು ಚೌಕಾಸಿ ಮಾಡುತ್ತಿದ್ದರು. ಮಾತು ಕುದುರಿದರೆ ಒಂದು ನಾಣ್ಯ ಕೈಗಿಡುವುದು. ನಮ್ಮ ಸಂಚಕಾರವೇ ಅನ್ನಿ; ಅವರ ಬಾಯಲ್ಲಿ ಅದು ಆರ್ಲ್ಸ್. ಮದುವೆಯಾಗದವರಿಗೆ ಆರು ತಿಂಗಳ ಕರಾರು, ಸಂಸಾರಸ್ಥರಿಗೆ ಸಾಮಾನ್ಯವಾಗಿ ಒಂದು ವರ್ಷ.

ಜಮೀನಿನ ಮನೆ ಸಿಕ್ಕವರಿಗೆ ಅದು ಕೆಲಸದ ಜೊತೆಗೇ ಬರುತ್ತಿತ್ತು. ಸಂಬಳದ ಒಂದು ಪಾಲು ಓಟ್ಸ್ ಹಿಟ್ಟು, ಹಾಲು, ಆಲೂಗಡ್ಡೆ. ಕರಾರು ಮುಗಿದ ದಿನ ಮನೆಯೂ ಖಾಲಿ ಮಾಡಬೇಕು. ಪಾತ್ರೆಪಗಡ, ಹಾಸಿಗೆ, ಮಕ್ಕಳು, ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೊರಡುವುದು. ದೂರವೇನೂ ಹೋಗುತ್ತಿರಲಿಲ್ಲ. ಟರಿಫ್‌ನಿಂದ ಫೈವಿಗೆ, ಅಲ್ಲಿಂದ ನ್ಯೂ ಡೀರ್‌ಗೆ, ಅಷ್ಟೇ. ಆದರೆ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ, ಬದಲಾಯಿತಲ್ವಾ? ಮುಂದಿನ ಮಗುವಿನ ಹೆಸರಿನ ಮುಂದೆ ಹೊಸ ಊರು ಬಂತು. ಹಾಗಾಗಿ ಮಕ್ಕಳ ವಯಸ್ಸಿನ ಸಾಲಲ್ಲೇ ಊರುಗಳನ್ನು ಬರೆದುಕೊಳ್ಳಿ. ಅಪ್ಪ ಯಾವ ವರ್ಷದ ಸುಮಾರಿಗೆ ಎಲ್ಲಿ ದುಡಿಯುತ್ತಿದ್ದ ಅಂತ ಗೊತ್ತಾಗುತ್ತದೆ.

ಒಂದು ಎಚ್ಚರ. ಆ ಸಲ ಲೆಕ್ಕ ತೆಗೆದುಕೊಂಡದ್ದು ಏಪ್ರಿಲ್ 7ರ ರಾತ್ರಿಯದು. ಮನೆ ಬದಲಾಯಿಸುವ ಕಾಲ ಮೇ ತಿಂಗಳು. ಪಟ್ಟಿಯಲ್ಲಿರುವ ಮನೆಯನ್ನು ಅವರು ಎರಡು ತಿಂಗಳೊಳಗೇ ಬಿಟ್ಟಿರಬಹುದು. 1862ರಲ್ಲಿ ಹುಟ್ಟಿದ ಮಗುವನ್ನು ಅದೇ ವಿಳಾಸದಲ್ಲಿ ಹುಡುಕುತ್ತಾ ಕೂರಬೇಡಿ, ಅಕ್ಕಪಕ್ಕದ ಪ್ಯಾರಿಷ್‌ಗಳನ್ನೂ ನೋಡಿ.

ದೊಡ್ಡ ಮಗ ಪಟ್ಟಿಯಲ್ಲಿ ಇಲ್ಲ ಅಂದರೆ ಸತ್ತ ಅಂತ ಸುಮ್ನೆ ತೀರ್ಮಾನಿಸಬೇಡಿ. ಹದಿಮೂರು, ಹದಿನಾಲ್ಕು ಆಯಿತೆಂದರೆ ಬೇರೆ ಜಮೀನಿಗೆ ಆಳಾಗಿ ಹೋಗುವುದು ಮಾಮೂಲು. ಅಲ್ಲಿ ರೈತನ ಕುಟುಂಬದ ಕೆಳಗೆ 'ಆಳು' ಅಂತ ಅವನ ಹೆಸರು ಇರುತ್ತದೆ. ಅಬರ್ಡೀನ್‌ಶೈರ್‌ನಲ್ಲಿ ಇಂಥ ಹುಡುಗರು ರೈತನ ಅಡುಗೆಮನೆಯಲ್ಲಿ ಉಂಡು, ಚಾಮರ್ ಅನ್ನುವ ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದರು. ದಕ್ಷಿಣಕ್ಕೆ ಆಂಗಸ್ ಕಡೆ ಆಳುಗಳು ಇರುತ್ತಿದ್ದದ್ದು ಬಾಥಿ ಅನ್ನುವ ಬೇರೆ ಬಿಡಾರದಲ್ಲಿ, ಅಲ್ಲಿ ಗಂಡಸರೇ ಬೇಯಿಸಿಕೊಳ್ಳಬೇಕಿತ್ತು. ಬೇಯಿಸುವುದೇನು ಬಂತು, ಓಟ್ಸ್ ಹಿಟ್ಟಿಗೆ ಬಿಸಿನೀರು ಸುರಿದುಕೊಂಡರೆ ಊಟ ಆಯಿತು!

ಇನ್ನೂ ಹಿಂದಕ್ಕೆ, 1841ಕ್ಕೆ ಹೋದರೆ ಮಾಹಿತಿ ಕಡಿಮೆ. ಹುಟ್ಟಿದ್ದು ಇದೇ ಕೌಂಟಿಯಲ್ಲಾ (ನಮ್ಮ ಜಿಲ್ಲೆಯ ಹಾಗೆ) ಅಂತ ಮಾತ್ರ ಕೇಳಿದ್ದರು. ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕಿತ್ತು, 38 ಇದ್ದವನು 35. ಪ್ಯಾರಿಷ್ ಹೆಸರು ಶುರುವಾದದ್ದು 1851ರಿಂದ. 1855ರಲ್ಲಿ ಜನನ ನೋಂದಣಿ ಕಡ್ಡಾಯವಾಯಿತು. 1861ರಿಂದ ಈಚಿನ ಜನನ ದಾಖಲೆಯಲ್ಲಿ ಅಪ್ಪ ಅಮ್ಮನ ಮದುವೆಯ ದಿನ, ಊರು ಎರಡೂ ಇರುತ್ತವೆ. ಆದ್ದರಿಂದ ದೊಡ್ಡವನಿಗಿಂತ ಕೊನೆಯ ಮಗುವಿನ ದಾಖಲೆಯನ್ನು ಮೊದಲು ತೆಗೆಸಿ.

ಪುಟ ಮುಚ್ಚುವ ಮೊದಲು ಬಲತುದಿಯ ಕಾಲಂ ಕೂಡ ನೋಡಿ. ಕಿಟಕಿ ಇರುವ ಕೋಣೆಗಳು ಎಷ್ಟು ಅಂತ ಸ್ಕಾಟ್‌ಲೆಂಡ್‌ನಲ್ಲಿ 1861ರಲ್ಲಿ ಹೊಸದಾಗಿ ಕೇಳಿದ್ದರು. ನಿಮ್ಮ ಕುಟುಂಬದ ಆರು ಜನರ ಎದುರು ಅಲ್ಲಿ 1 ಅಂತ ಇದ್ದರೂ ಅದು ಬರೆದವರ ತಪ್ಪಲ್ಲ.