ಗಟ್ಟಿಯಾಗಿ ಹಿಡಿದರೆ ಶಾಟ್ ಜೋರಾಗುವುದಿಲ್ಲ

ನನ್ನ ಫಿಸಿಯೋಥೆರಪಿ ಕ್ಲಿನಿಕ್ ಇರುವುದು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ. ಸುತ್ತಮುತ್ತ ಐಟಿ ಆಫೀಸುಗಳು. ಅಲ್ಲಿ ಫೂಸ್‌ಬಾಲ್ (ರಾಡಿಗೆ ಸಿಕ್ಕಿಸಿದ ಗೊಂಬೆಗಳನ್ನು ಹ್ಯಾಂಡಲ್ ಹಿಡಿದು ತಿರುಗಿಸಿ ಚೆಂಡು ಹೊಡೆಯುವ ಮೇಜಿನ ಆಟ) ಟೂರ್ನಮೆಂಟ್ ಶುರುವಾಯಿತೆಂದರೆ ಮೊಣಕೈ ಒತ್ತಿಕೊಂಡು ಬರುವವರೂ ಶುರು. ನಾನೂ ಆಡುತ್ತೇನೆ ಅಂತ ಗೊತ್ತಾದ ಕೂಡಲೇ ಕೇಳುತ್ತಾರೆ: 'ಶಾಟ್‌ನಲ್ಲಿ ಸ್ಪೀಡೇ ಇಲ್ಲ ಮೇಡಂ, ಇನ್ನೂ ಗಟ್ಟಿಯಾಗಿ ಹಿಡೀಬೇಕಾ?'

ಬೇಡ. ಗಟ್ಟಿಯಾಗಿ ಹಿಡಿದಿರುವುದೇ ತೊಂದರೆ.

ಊಟವಾದ ಮೇಲೆ ಕೈ ತೊಳೆದು ನೀರು ಕೊಡವುತ್ತೀರಲ್ಲ, ಆಗ ಮುಷ್ಟಿ ಬಿಗಿ ಹಿಡಿಯುತ್ತೀರಾ? ಈಗ ಹಿಡಿದು ಮಣಿಕಟ್ಟನ್ನು ಸರಸರ ಆಡಿಸಿ ನೋಡಿ. ಇನ್ನೊಂದು ಕೈಯಿಂದ ಮುಂಗೈ ಮುಟ್ಟಿ. ಒಳಭಾಗ, ಹೊರಭಾಗ ಎರಡೂ ಗಟ್ಟಿಯಾಗಿವೆ, ಅಲ್ವಾ? ಬೆರಳು ಮಡಚುವ ಸ್ನಾಯುಗಳು ಮಣಿಕಟ್ಟನ್ನು ದಾಟಿ ಹೋಗುತ್ತವೆ. ಅವು ಬಿಗಿದಾಗ ಮಣಿಕಟ್ಟನ್ನೂ ಒಳಕ್ಕೆ ಎಳೆಯುತ್ತವೆ. ಅದನ್ನು ತಡೆಯಲು ಹೊರಭಾಗದ ಸ್ನಾಯುಗಳು ಎದುರು ಎಳೆಯುತ್ತವೆ. ಎತ್ತು ಏರಿಗೆ, ಕೋಣ ನೀರಿಗೆ. ಇನ್ನು ಕೈ ಬೀಸುವುದಾದರೂ ಹೇಗೆ? ಆ ಹೊರಭಾಗದ ಸ್ನಾಯುಗಳು ಅಂಟಿಕೊಂಡಿರುವುದು ಮೊಣಕೈಯ ಹೊರಬದಿಯ ಮೂಳೆಗೆ. ನೋವು ಬರುವುದೂ ಅಲ್ಲೇ. ಟೆನಿಸ್ ಎಲ್ಬೋ ಇರಬಹುದು, ಆದರೆ ಪರೀಕ್ಷೆ ಮಾಡದೆ ಹೇಳಲಾರೆ. ಬೆರಳು ಜೋಮು ಹಿಡಿಯುತ್ತಿದ್ದರೆ ಆಟ ನಿಲ್ಲಿಸಿ, ಮೊದಲು ತೋರಿಸಿಕೊಳ್ಳಿ.

ಪುಲ್ ಶಾಟ್‌ನಲ್ಲಿ ಹ್ಯಾಂಡಲ್ ಬೆರಳುಗಳ ಮೇಲಿರಲಿ, ಅಂಗೈಯೊಳಗೆ ಹುದುಗಿರಬಾರದು. ಚೆಂಡನ್ನು ಪಕ್ಕಕ್ಕೆ ಎಳೆಯುವುದು ತೋಳಿನ ಕೆಲಸ, ಹೊಡೆಯುವುದು ಮಣಿಕಟ್ಟಿನ ಕೆಲಸ. ಹೊಡೆಯುವ ಮುಂಚೆ ಉಸಿರು ಬಿಟ್ಟು ಭುಜ ಇಳಿಸಿ. ಭುಜ ಕಿವಿ ಹತ್ತಿರ ಇದ್ದರೆ ಬೆರಳು ಸಡಿಲಾಗುವುದು ಕಷ್ಟ.

ಸ್ನೇಕ್ ಶಾಟ್‌ನಲ್ಲಂತೂ ಮುಷ್ಟಿಯೇ ಇಲ್ಲ. ಗೊಂಬೆಯ ಕಾಲು ಚೆಂಡನ್ನು ಒತ್ತಿಕೊಂಡಿರುತ್ತದೆ, ಹ್ಯಾಂಡಲ್ ಮಣಿಕಟ್ಟಿನ ಒಳಬದಿಗೆ ತಾಗಿರುತ್ತದೆ. ಕೈಯನ್ನು ಮೇಲಕ್ಕೆ ಎಳೆದರೆ ಹ್ಯಾಂಡಲ್ ಅಂಗೈ ಮೇಲೆ ಉರುಳಿ ಬೆರಳಿಗೆ ಬರುತ್ತದೆ. ಅಷ್ಟರಲ್ಲಿ ಗೊಂಬೆ ಹೆಚ್ಚುಕಡಿಮೆ ಒಂದು ಸುತ್ತು ಹಾಕಿ ಹಿಂದಿನಿಂದ ಚೆಂಡಿಗೆ ಹೊಡೆದಿರುತ್ತದೆ. ಹೊಡೆಯುವ ಮುಂಚೆಯಾಗಲಿ ಆಮೇಲಾಗಲಿ ರಾಡ್ 360 ಡಿಗ್ರಿಗಿಂತ ಜಾಸ್ತಿ ತಿರುಗಿದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಫೌಲ್. ಬೆರಳು ಬಿಗಿಯಬೇಕಾದ್ದು ಹೊಡೆದಾದ ಮೇಲೆ, ರಾಡನ್ನು ಹಿಡಿದು ನಿಲ್ಲಿಸಲಿಕ್ಕೆ.

ಹೋದ ವರ್ಷ ಒಬ್ಬ ಹುಡುಗನಿಗೆ ಎಷ್ಟು ಹೇಳಿದರೂ ಇದು ತಲೆಗೆ ಹೋಗಲಿಲ್ಲ. ಕೊನೆಗೆ ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆಹಣ್ಣು ಕೈಗೆ ಕೊಟ್ಟು, ಜಜ್ಜದೆ ಮಣಿಕಟ್ಟು ಬೀಸಪ್ಪಾ ಅಂದೆ. ಮೊದಲ ಎರಡು ಹಣ್ಣು ಪಚಡಿಯಾದವು. ಮೂರನೆಯದು ಉಳಿಯಿತು. ಅವನು ಬೆರಳುಗಳನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದ. ಮುಂದಿನ ವಾರ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದ, ಹಿಂದೆ ಟೀಮಿನ ಇನ್ನೂ ಮೂವರು.