ಹಣ ತಡ ಮಾಡುವ ಖಾಯಂ ಗಿರಾಕಿಯನ್ನು ಏನು ಮಾಡುವುದು?

ಪ್ರಶ್ನೆ: ನಾನು ಮಂಡ್ಯದವನು. ಹಳೆಯ ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರಗಳನ್ನು ಭಾನುವಾರ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಾಜು ಹಾಕುತ್ತೇನೆ. ಮೈಸೂರಿನ ಹಿರಿಯರೊಬ್ಬರು ಪ್ರತಿ ವಾರ ಮೂರು ನಾಲ್ಕು ಲಾಟು (ಒಂದು ಸಲಕ್ಕೆ ಹರಾಜಿಗಿಡುವ ವಸ್ತು ಅಥವಾ ಕಟ್ಟು) ಗೆಲ್ಲುತ್ತಾರೆ. ಹಣ ಮಾತ್ರ ಹದಿನೈದು ಇಪ್ಪತ್ತು ದಿನ ಕಳೆದ ಮೇಲೆ, ಎರಡು ಸಲ ಕೇಳಿದ ಮೇಲೆ ಬರುತ್ತದೆ. ಇದುವರೆಗೆ ಮುಳುಗಿಸಿದವರಲ್ಲ. ಅವರನ್ನು ಗುಂಪಿನಿಂದ ತೆಗೆದರೆ ವ್ಯಾಪಾರ ಬಿದ್ದುಹೋಗುತ್ತದೆ ಎಂಬ ಭಯ. ಏನು ಮಾಡಲಿ?

ಉತ್ತರ: ಮೊದಲು ಆ ಭಯವನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ, ಏಕೆಂದರೆ ನಿಮ್ಮ ಕೈ ಕಟ್ಟಿರುವುದು ಅದೇ. ಅವರು ಒಂದು ಲಾಟನ್ನು 950ಕ್ಕೆ ಗೆದ್ದರು ಎಂದರೆ ಅವರಿಂದ ನಿಮಗೆ 950 ರೂಪಾಯಿ ಲಾಭವಾಯಿತು ಎಂದಲ್ಲ. ಕೂಗು ಐವತ್ತೈವತ್ತು ರೂಪಾಯಿಯಂತೆ ಏರುತ್ತಿತ್ತು, ಅವರ ಹಿಂದೆ ಒಬ್ಬರು 900ರವರೆಗೆ ಬಂದಿದ್ದರು, ಅವರ ಹಿಂದೆ ಇನ್ನೊಬ್ಬರು 800ಕ್ಕೆ ನಿಂತಿದ್ದರು ಎಂದುಕೊಳ್ಳಿ. ಹಿರಿಯರು ಆ ರಾತ್ರಿ ಇಲ್ಲದಿದ್ದರೆ ಎರಡನೆಯವರು 850ಕ್ಕೆ ಒಯ್ಯುತ್ತಿದ್ದರು. ಅಲ್ಲಿಗೆ ಅವರಿಂದ ನಿಮಗೆ ಹೆಚ್ಚಿಗೆ ಬಂದದ್ದು 100 ರೂಪಾಯಿ. ಅಷ್ಟಕ್ಕಾಗಿ ಇಪ್ಪತ್ತು ದಿನ ಕಾಯುತ್ತೀರಿ, ಎರಡು ಸಲ ತಗಾದೆ ಮಾಡುತ್ತೀರಿ, ಮಾಲನ್ನು ಬೀರುವಿನಲ್ಲಿ ಕಾಪಾಡುತ್ತೀರಿ.

ಆದರೆ ಲಾಟಿಗೆ ಇಬ್ಬರೇ ಕೂಗುವವರಿದ್ದರೆ ಕಥೆಯೇ ಬೇರೆ. 200ಕ್ಕೆ ಆರಂಭಿಸಿದ ಸವಾಲನ್ನು 950ಕ್ಕೆ ಏರಿಸಿದ್ದೇ ಅವರಿಬ್ಬರ ಜಿದ್ದು. ಒಬ್ಬರು ಹೋದರೆ ಇನ್ನೊಬ್ಬರು ಅದನ್ನು 200ಕ್ಕೇ ಎತ್ತಿಕೊಂಡು ಹೋಗುತ್ತಾರೆ. ಆದ್ದರಿಂದ ಕಳೆದ ಕೆಲವು ವಾರಗಳ ಸಂದೇಶಗಳನ್ನು ಹಿಂದಕ್ಕೆ ಸರಿಸಿ, ಅವರು ಗೆದ್ದ ಪ್ರತಿ ಲಾಟಿಗೂ ಎರಡನೆಯ ಮತ್ತು ಮೂರನೆಯ ಕೂಗು ಎಷ್ಟಿತ್ತು ಎಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಾಣ್ಯಗಳಲ್ಲಿ ಅವರಿಲ್ಲದೆಯೂ ನಡೆಯುತ್ತದೆ, ಬೆಂಕಿಪೊಟ್ಟಣದ ಚಿತ್ರಗಳಲ್ಲಿ ಮಾತ್ರ ಅವರು ಬೇಕೇ ಬೇಕು ಎಂಬಂಥ ಸಂಗತಿ ಆಗ ತಾನಾಗಿ ಕಾಣುತ್ತದೆ. ಇಷ್ಟು ಮಾಡದೆ ‘ದೊಡ್ಡ ಗಿರಾಕಿ’ ಎಂದು ಹೆದರುವುದರಲ್ಲಿ ಅರ್ಥವಿಲ್ಲ.

ಇನ್ನು ತಡವಾಗುವುದು ಏಕೆ ಎಂದು ಒಮ್ಮೆ ಫೋನು ಮಾಡಿ ಕೇಳಿ. ಸಂದೇಶ ಬೇಡ, ಹಿರಿಯರ ಜತೆ ಮಾತೇ ಒಳ್ಳೆಯದು. ಎಷ್ಟೋ ಸಂಗ್ರಾಹಕರು ಮೂರು ನಾಲ್ಕು ವಾರದ ಲಾಟುಗಳನ್ನು ಒಟ್ಟುಗೂಡಿಸಿ ಒಂದೇ ಪಾರ್ಸೆಲ್ ತರಿಸಿಕೊಂಡರೆ ಅಂಚೆ ವೆಚ್ಚ ಉಳಿಯುತ್ತದೆ ಎಂದುಕೊಂಡಿರುತ್ತಾರೆ. ಅದು ನ್ಯಾಯವೇ. ‘ಮಾಲು ತಿಂಗಳ ಕೊನೆಯವರೆಗೆ ನನ್ನಲ್ಲಿರಲಿ, ಹಣ ಮಾತ್ರ ಆಯಾ ವಾರವೇ ಕಳುಹಿಸಿ’ ಎಂದರೆ ಮುಗಿಯಿತು. ಪಿಂಚಣಿಯ ದಿನ ನೋಡಿಕೊಂಡು ಕೊಡುವವರಾದರೆ, ಬೆಲೆಬಾಳುವ ಲಾಟುಗಳನ್ನು ತಿಂಗಳ ಮೊದಲ ಭಾನುವಾರಕ್ಕೆ ಇಟ್ಟುಕೊಳ್ಳಿ. ನಮ್ಮ ಕಡೆ ವರ್ತನೆ ಹಾಲಿನವನಿಗೆ ತಿಂಗಳಿಗೊಮ್ಮೆ ಹಣ ಕೊಟ್ಟು ಅಭ್ಯಾಸವಾದವರಿಗೆ, ಹರಾಜಿನ ಲೆಕ್ಕವೂ ಹಾಗೆಯೇ ನಡೆಯುತ್ತದೆ ಎಂಬ ಭಾವನೆ ಇರುತ್ತದೆ. ಕೆಟ್ಟ ಬುದ್ಧಿಯಿಂದಲ್ಲ.

ತಡ ಮಾಡುವವರಲ್ಲಿ ಮೂರನೆಯ ಬಗೆಯೊಂದಿದೆ, ಅದರ ಬಗ್ಗೆ ಎಚ್ಚರವಿರಲಿ. 1969ರಲ್ಲಿ ಬಂದ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ನಾಣ್ಯವನ್ನೇ ತೆಗೆದುಕೊಳ್ಳಿ. ಹದಿನೈದು ಗ್ರಾಂ ತೂಕ, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಬೆಳ್ಳಿ. ಅಂದರೆ ಹನ್ನೆರಡು ಗ್ರಾಂ. ಹರಾಜಿನ ರಾತ್ರಿಯ ಬೆಲೆಗೆ ಗೆದ್ದು, ಹಣ ಕೊಡದೆ ಇಪ್ಪತ್ತು ದಿನ ಸುಮ್ಮನಿದ್ದವನು ಬೆಳ್ಳಿಯ ದರ ನೋಡುತ್ತಾ ಕೂತಿರಬಹುದು. ದರ ಏರಿದರೆ ಮರುಕ್ಷಣವೇ ಹಣ ಬರುತ್ತದೆ, ಇಳಿದರೆ ‘ಮನೆಯಲ್ಲಿ ಸ್ವಲ್ಪ ತೊಂದರೆ’ ಎಂಬ ಉತ್ತರ ಬರುತ್ತದೆ. ನಷ್ಟ ನಿಮಗೆ, ಲಾಭ ಅವನಿಗೆ. ನಿಮ್ಮ ಹಿರಿಯರು ಚಿತ್ರಗಳಿಗೂ ಬೆಳ್ಳಿಗೂ ಒಂದೇ ಸಮನಾಗಿ ತಡ ಮಾಡುತ್ತಾರೆ ಎಂದಾದರೆ ಈ ಸಂಶಯವನ್ನು ಬಿಟ್ಟುಬಿಡಿ. ಬೆಳ್ಳಿಗೆ ಮಾತ್ರ ತಡವಾಗುತ್ತಿದ್ದರೆ ಬೆಳ್ಳಿಯ ಲಾಟಿಗೆ ಅವರ ಕೂಗನ್ನು ತೆಗೆದುಕೊಳ್ಳಬೇಡಿ.

ಕಾರಣ ಯಾವುದೇ ಇರಲಿ, ನಿಯಮ ಹರಾಜಿಗೆ ಮುಂಚೆ ಗೊತ್ತಿರಬೇಕು, ಎಲ್ಲರಿಗೂ ಒಂದೇ ಇರಬೇಕು. ನಡುವೆ ತಂದರೆ ತಮ್ಮೊಬ್ಬರಿಗೇ ತಂದದ್ದು ಎಂದು ಅವರಿಗೆ ಅನ್ನಿಸುತ್ತದೆ. ಮುಂದಿನ ಭಾನುವಾರ ಮೊದಲ ಲಾಟಿಗಿಂತ ಮೇಲೆ ಇಷ್ಟು ಹಾಕಿ: ‘ಹಣ ಬುಧವಾರ ರಾತ್ರಿ ಒಂಬತ್ತರೊಳಗೆ ಬರಬೇಕು. ಬಾರದಿದ್ದರೆ ಆ ಲಾಟನ್ನು ಬೇರೆಯವರಿಗೆ ಮಾರುವ ಹಕ್ಕು ನನ್ನದು. ಹಿಂದಿನ ಬಾಕಿ ಇರುವವರ ಹೊಸ ಕೂಗನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.’ ಕೊನೆಯ ವಾಕ್ಯವೇ ಕೆಲಸ ಮಾಡುವುದು. ಹರಾಜಿನ ಚಟವಿರುವವರಿಗೆ ಒಂದು ಭಾನುವಾರ ಕೂಗಲಾಗದೆ ಕೂರುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅದಕ್ಕೂ ಬಗ್ಗದಿದ್ದರೆ ಠೇವಣಿ ಕೇಳಿ. ಸರ್ಕಾರಿ ನಿವೇಶನದ ಹರಾಜಿನಲ್ಲಿ ಮುಂಗಡ ಕಟ್ಟದವರಿಗೆ ಕೂಗಲು ಬಿಡುವುದಿಲ್ಲ. ‘ಎರಡು ಸಾವಿರ ನನ್ನಲ್ಲಿಟ್ಟು ಕೂಗಿ’ ಎಂದರೆ ಅದರಲ್ಲಿ ಅವಮಾನವೇನೂ ಇಲ್ಲ.

‘ಬೇರೆಯವರಿಗೆ ಮಾರುವ ಹಕ್ಕು’ ಎಂಬುದನ್ನು ಸುಮ್ಮನೆ ಸೇರಿಸಿದ್ದಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಉದ್ರಿಯ ಮಾತು ಆಡದೆ ಮಾರಿದ್ದರೆ, ಹಣ ಬರುವವರೆಗೆ ಮಾಲನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ನಿಮಗಿದೆ. ಆದರೆ ಅದನ್ನು ಮತ್ತೊಬ್ಬರಿಗೆ ಮಾರುವುದಕ್ಕೆ ಮೊದಲು ಗೆದ್ದವರಿಗೆ ತಿಳಿಸಿ, ತಕ್ಕಷ್ಟು ಸಮಯ ಕೊಡಬೇಕು. ತಿಳಿಸಿ ಮಾರಿದರೆ ಕಡಿಮೆ ಬಂದ ಹಣವನ್ನು ಅವರಿಂದಲೇ ಕೇಳಬಹುದು. ತಿಳಿಸದೆ ಮಾರಿದರೆ ಅದನ್ನು ಕೇಳುವಂತಿಲ್ಲ. ಹೆಚ್ಚಿಗೆ ಬಂದರೆ ಆ ಲಾಭವೂ ಅವರದೇ. ಮಾರುವ ಹಕ್ಕನ್ನು ಮೊದಲೇ ನಿಯಮದಲ್ಲಿ ಕಾದಿರಿಸಿಕೊಂಡವರ ಸ್ಥಿತಿ ಇದಕ್ಕಿಂತ ಗಟ್ಟಿ. ಎಂಟುನೂರು ರೂಪಾಯಿಗೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ, ನಿಜ. ಆದರೂ ಒಂದು ಸಂದೇಶಕ್ಕೆ ಏನು ಖರ್ಚು?

ಆ ಸಂದೇಶದಲ್ಲಿ ‘ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ’ ಎಂಬ ರಾಗ ಬೇಡ. ಹೀಗಿರಲಿ: ‘ನಮಸ್ಕಾರ ಸರ್. ಭಾನುವಾರದ 7, 12 ಮತ್ತು 19ನೆಯ ಲಾಟುಗಳ ಹಣ, ಅಂಚೆ ವೆಚ್ಚ ಸೇರಿ, 2,340 ರೂಪಾಯಿ ಬರಬೇಕಿದೆ. ಶನಿವಾರ ಸಂಜೆಯೊಳಗೆ ತಲುಪಿದರೆ ಸೋಮವಾರ ಕಳುಹಿಸುತ್ತೇನೆ. ತಲುಪದಿದ್ದರೆ ಅವುಗಳನ್ನು ಎರಡನೆಯ ಕೂಗಿನವರಿಗೆ ಕೊಡುತ್ತೇನೆ.’ ಮೊತ್ತ, ದಿನ, ಮುಂದೇನು ಎಂಬ ಮೂರೂ ಇದ್ದರೆ ಸಾಕು. ಹೇಳಿದ ದಿನ ಹೇಳಿದ್ದನ್ನು ಮಾಡಿ. ಗುಂಪಿನಲ್ಲಿ ಅವರ ಹೆಸರು, ನಂಬರು ಹಾಕಿ ಮಾನ ಕಳೆಯಲು ಹೋಗಬೇಡಿ; ಹಣ ಬರುವುದಿಲ್ಲ, ಉಳಿದ ಗಿರಾಕಿಗಳೂ ನಿಮ್ಮನ್ನು ಅನುಮಾನದಿಂದ ನೋಡುತ್ತಾರೆ.

ಮುಂದೆ ಇಬೇಯಂಥ ಆನ್‌ಲೈನ್ ಹರಾಜು ತಾಣಕ್ಕೆ ಹೋಗುವ ಯೋಚನೆಯಿದ್ದರೆ, ಅಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. ನಾಲ್ಕು ದಿನದೊಳಗೆ ಹಣ ಬಾರದಿದ್ದರೆ, ಹಣ ಕೊಟ್ಟಿಲ್ಲವೆಂಬ ಕಾರಣ ನೀಡಿ ವ್ಯವಹಾರವನ್ನು ರದ್ದು ಮಾಡಬಹುದು, ಅದು ಕೊಳ್ಳುವವರ ಖಾತೆಯಲ್ಲಿ ದಾಖಲಾಗುತ್ತದೆ. ನಿಮಗೆ ಬೇಡವಾದವರು ನಿಮ್ಮ ಲಾಟಿಗೆ ಕೂಗದಂತೆ ತಡೆಯುವ ಪಟ್ಟಿಯೂ ಇದೆ. ಕೊಳ್ಳುವವರಿಗೆ ಕೆಟ್ಟ ಅಭಿಪ್ರಾಯ ಬರೆಯುವ ಅವಕಾಶವನ್ನು ಮಾತ್ರ ಮಾರುವವರಿಂದ 2008ರಲ್ಲೇ ಕಿತ್ತುಕೊಂಡರು. ಹಾಗೆಯೇ, ಶ್ರೀರಂಗಪಟ್ಟಣದ ಟಂಕಸಾಲೆಯ ಆನೆ ಕಾಸು (ಆನೆಯ ಚಿತ್ರವಿರುವ ಹಳೆಯ ತಾಮ್ರದ ನಾಣ್ಯ) ಕೈಯಲ್ಲಿದೆ ಎಂದು ಹೊರದೇಶಕ್ಕೆ ಕಳುಹಿಸಲು ಹೊರಡಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ಅಂಥ ವಸ್ತುಗಳನ್ನು ಇಲ್ಲಿಯೇ ಮಾರುವ ವ್ಯಾಪಾರಕ್ಕೂ ಪರವಾನಗಿ ಬೇಕು.

ಹಣಕ್ಕೆ ಮುಂಚೆ ಪಾರ್ಸೆಲ್ ಮಾತ್ರ ಕಳುಹಿಸಬೇಡಿ, ಎಷ್ಟೇ ಪರಿಚಯವಿರಲಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಆಗುವುದು ಅಲ್ಲಿಯೇ. ಮಾಲು ಅವರ ಕೈ ಸೇರಿತೆಂದರೆ ಹಿಡಿದಿಟ್ಟುಕೊಳ್ಳುವ ಹಕ್ಕು ಹೋಗುತ್ತದೆ, ಉಳಿಯುವುದು ಹಣಕ್ಕಾಗಿ ದಾವೆ ಹೂಡುವ ದಾರಿಯೊಂದೇ. ಅದಕ್ಕೂ ಮೂರು ವರ್ಷದ ಗಡುವು. ಹಣ ಕಳುಹಿಸಿದ್ದೇನೆ ಎಂದು ಅವರು ಮೊಬೈಲ್ ಪರದೆಯ ಚಿತ್ರ ಹಾಕಿದರೂ, ನಿಮ್ಮ ಬ್ಯಾಂಕ್ ಖಾತೆಗೆ ಜಮೆಯಾದದ್ದನ್ನು ನೋಡಿಕೊಂಡ ಮೇಲೆಯೇ ಅಂಚೆ ಕಚೇರಿಗೆ ಹೊರಡಿ.